ಚಂಚಲ ಮಕ್ಕಳ ಆರೈಕೆಯಲ್ಲಿ ಶುಶ್ರೂಷಕಿಯ ಸ್ಥಾನ: ವಿಜಯಪುರ ಜಿಲ್ಲೆಯ ನಾಲ್ಕು ತಾಲೂಕುಗಳನ್ನು ಕುರಿತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಾಲೆಗಳಲ್ಲಿ ‘ಉಡಾಳ’ ಎಂಬ ಮಾತು ಚಿರಪರಿಚಿತವಾದುದು. ಕುಳಿತಲ್ಲಿ ಕೂಡದ, ಹೇಳಿದುದನ್ನು ಕೊನೆಯವರೆಗೆ ಕೇಳದ, ಸರದಿಗೆ ಮೊದಲೇ ನುಗ್ಗುವ ಹುಡುಗನಿಗೆ ಆ ಹೆಸರು ಸಲ್ಲುತ್ತದೆ. ಕಿಟಕಿಯ ಹೊರಗೆ ನೋಡುತ್ತ ಪಾಠ ಮರೆಯುವ ಹುಡುಗಿಗಂತೂ ಆ ಹೆಸರೂ ದೊರೆಯುವದಿಲ್ಲ. ಅವಳನ್ನು ‘ಮಬ್ಬು’ ಎಂದು ಹಿಂದಿನ ಸಾಲಿನಲ್ಲಿ ಕೂಡಿಸುತ್ತಾರೆ. ಇಂಥವರೆಲ್ಲರೂ ರೋಗಿಗಳಲ್ಲ. ಆದರೆ ಕೆಲವರಲ್ಲಿ ಈ ಲಕ್ಷಣಗಳು ಹನ್ನೆರಡು ವರುಷದೊಳಗೆ ತೋರಿ, ಮನೆ ಶಾಲೆಗಳೆರಡರಲ್ಲಿಯೂ ಆರು ತಿಂಗಳಿಗಿಂತ ಹೆಚ್ಚು ಕಾಲ ನಿಂತು, ಕಲಿಕೆಯನ್ನೇ ಕೆಡಿಸುತ್ತವೆ. ಇದನ್ನು ವೈದ್ಯರು ಅವಧಾನ ನ್ಯೂನತೆ ಮತ್ತು ಅತಿಚಟುವಟಿಕೆಯ ದೋಷ, ಸಂಕ್ಷೇಪವಾಗಿ ಎ.ಡಿ.ಎಚ್.ಡಿ., ಎನ್ನುತ್ತಾರೆ. ಈ ಮಕ್ಕಳನ್ನು ಎಲ್ಲರಿಗಿಂತ ಮೊದಲು ಕಾಣುವ ಶುಶ್ರೂಷಕಿಗೆ ಅವರ ಚಿಕಿತ್ಸೆಯಲ್ಲಿ ಎಷ್ಟು ಅಧಿಕಾರ ದೊರೆತಿತು, ಎಷ್ಟು ದೊರೆಯಲಿಲ್ಲ ಎಂಬುದನ್ನು ನಾವಿಲ್ಲಿ ವಿವೇಚಿಸಲಿದ್ದೇವೆ.

ವೈದ್ಯಶಾಸ್ತ್ರವು ಈ ದೋಷವನ್ನು ಗುರುತಿಸಿದುದು ಈಚೆಗಲ್ಲ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ತಮ್ಮ ಉಪನ್ಯಾಸಗಳಲ್ಲಿ ವರ್ಣಿಸಿದರು. 1937ರಲ್ಲಿ ಅಮೇರಿಕೆಯ ಚಾರ್ಲ್ಸ್ ಬ್ರಾಡ್ಲಿ, ಉತ್ತೇಜಕ ಔಷಧದಿಂದ ಚಂಚಲ ಮಕ್ಕಳು ಶಾಂತರಾಗುವ ವಿಚಿತ್ರವನ್ನು ವರದಿ ಮಾಡಿದರು. ಶುಶ್ರೂಷೆಯ ಇತಿಹಾಸಕ್ಕೆ ಇದಕ್ಕಿಂತ ಮುಖ್ಯವಾದ ವರ್ಷ 1965. ಆ ವರ್ಷ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ಶುಶ್ರೂಷಕಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಕೂಡಿ, ಮಕ್ಕಳನ್ನು ಸ್ವತಃ ಪರೀಕ್ಷಿಸಿ ಉಪಚರಿಸಬಲ್ಲ ಶುಶ್ರೂಷಕಿಯರ ಶಿಕ್ಷಣವನ್ನು ಆರಂಭಿಸಿದರು. ‘ನರ್ಸ್ ಪ್ರಾಕ್ಟೀಷನರ್’ ಎಂಬ ವೃತ್ತಿ ಹುಟ್ಟಿದುದು ಹೀಗೆ. ಔಷಧ ನಡೆಯುತ್ತಿರುವ ಮಗುವಿನ ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ಅಳೆಯುವದು, ಹಸಿವೆ ನಿದ್ರೆಗಳನ್ನು ವಿಚಾರಿಸುವದು, ಶಿಕ್ಷಕರ ಅಭಿಪ್ರಾಯ ಪಡೆದು ಔಷಧದ ಪ್ರಮಾಣವನ್ನು ಹೊಂದಿಸುವದು, ಇವೆಲ್ಲ ಆ ದೇಶದಲ್ಲಿ ಅವರ ಕೆಲಸವಾಗಿವೆ.

ನಮ್ಮ ಜಿಲ್ಲೆಯ ಮಾತು ಬೇರೆ. 1956ರ ವರೆಗೆ ವಿಜಾಪುರ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮನೋರೋಗಿಗಳಿಗೆ ಇದ್ದ ಆಶ್ರಯ 1845ರಲ್ಲಿ ಸ್ಥಾಪಿತವಾದ ಧಾರವಾಡದ ಆಸ್ಪತ್ರೆ; ಅದು ಉನ್ಮಾದಗ್ರಸ್ತರಾದ ವಯಸ್ಕರಿಗಾಗಿ ಕಟ್ಟಿದುದು, ಓದಿನಲ್ಲಿ ಮನಸ್ಸು ನಿಲ್ಲದ ಮಗುವನ್ನು ಅಲ್ಲಿಗೆ ಒಯ್ಯುವ ಯೋಚನೆ ಯಾರಿಗೂ ಬರುವಂತಿರಲಿಲ್ಲ. ಹಳ್ಳಿಗೆ ಬರುತ್ತಿದ್ದವಳು ‘ನರ್ಸಬಾಯಿ’. ಐವತ್ತರ ದಶಕದಲ್ಲಿ ಆರಂಭವಾದ ಸಹಾಯಕ ಶುಶ್ರೂಷಕಿ–ಸೂಲಗಿತ್ತಿಯರ ತರಬೇತಿ ಅವಳಿಗೆ ಹೆರಿಗೆಯನ್ನೂ ಶಿಶುಪಾಲನೆಯನ್ನೂ ಕಲಿಸಿತು. 1973ರ ಕರ್ತಾರ್ ಸಿಂಗ್ ಸಮಿತಿಯ ಸಲಹೆಯಂತೆ ಅವಳು ವಿವಿಧೋದ್ದೇಶ ಕಾರ್ಯಕರ್ತೆಯಾದಳು. ಉದ್ದೇಶಗಳು ಬೆಳೆದರೂ ಮಗುವಿನ ಮನಸ್ಸು ಅವಳ ದಾಖಲೆ ಪುಸ್ತಕವನ್ನು ಸೇರಲಿಲ್ಲ. ಕೂಸು ಯಾವಾಗ ನಡೆಯಿತು, ಯಾವಾಗ ಮಾತನಾಡಿತು ಎಂಬುದನ್ನು ಬಲ್ಲವಳು ಅವಳೊಬ್ಬಳೇ ಎಂಬುದನ್ನು ನೆನೆದರೆ, ಇದು ಸಣ್ಣ ನಷ್ಟವಲ್ಲ.

ಬದಲಾವಣೆಯ ಬೀಜ ಬಿದ್ದುದು ಬೆಂಗಳೂರಿನಲ್ಲಿ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಮನೋರೋಗ ಶುಶ್ರೂಷೆಯ ವಿಶೇಷ ಶಿಕ್ಷಣವೂ ಅದೇ ದಶಕದಲ್ಲಿ ಮೊದಲಾಯಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಎಂಬತ್ತರ ದಶಕದಲ್ಲಿ ಅದರ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ದೇಶಕ್ಕೇ ಮಾದರಿಯೆನಿಸಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕ್ಷೇತ್ರ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿಯಿತ್ತು ಮನೋರೋಗಿಗಳನ್ನು ಊರಲ್ಲಿಯೇ ಉಪಚರಿಸಬಹುದೆಂದು ಅದು ತೋರಿಸಿತು. ಆದರೆ ಅದರ ದೃಷ್ಟಿಯೆಲ್ಲ ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯ ಇಂಥವುಗಳ ಮೇಲೆ ನೆಟ್ಟಿತ್ತು. ಆರಂಭದಲ್ಲಿ ಅದು ಸಹಜವೇ. ಇದಕ್ಕಿಂತ ದೂರಗಾಮಿಯಾದುದು ಅಲ್ಲಿ ನೆಲೆಗೊಂಡ ಶ್ರಮವಿಭಾಗ: ಗುರುತಿಸುವದು ಕಾರ್ಯಕರ್ತೆಗೆ, ನಿರ್ಣಯವೂ ಔಷಧವೂ ವೈದ್ಯನಿಗೆ. ಮುಂದಿನ ಯೋಜನೆಗಳೆಲ್ಲ ಈ ಗೆರೆಯನ್ನು ಹಾಗೆಯೇ ಉಳಿಸಿಕೊಂಡವು.

ವಿಜಯಪುರದಲ್ಲಿ 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜುಗಳು ಆದ ಬಳಿಕ ಧಾರವಾಡದ ದೂರವೇನೋ ತಪ್ಪಿತು. ನಾಲ್ಕು ತಾಲೂಕುಗಳ ಮಕ್ಕಳಿಗೆ ನೇರವಾಗಿ ಸಂಬಂಧಿಸಿದ ಘಟನೆ ನಡೆದುದು 2013ರಲ್ಲಿ. ಆ ವರ್ಷ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ತಪಾಸಣೆಗೆ ಗೊತ್ತುಪಡಿಸಿದ ಮೂವತ್ತು ತೊಂದರೆಗಳಲ್ಲಿ ಈ ದೋಷವನ್ನೂ ಹೆಸರಿಸಿತು. ಸಂಚಾರಿ ತಂಡದ ರಚನೆ ಗಮನಾರ್ಹವಾಗಿದೆ: ಇಬ್ಬರು ಆಯುಷ್ ವೈದ್ಯರು, ಒಬ್ಬ ಔಷಧ ವಿತರಕ, ಒಬ್ಬ ಶುಶ್ರೂಷಕಿ. ಅಂಗನವಾಡಿಗೆ ವರುಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಈ ತಂಡ ಹೋಗಬೇಕೆಂಬುದು ನಿಯಮ. 2014ರಲ್ಲಿ ರಾಜ್ಯವು ತಂದ ‘ಮನೋಚೈತನ್ಯ’ ಯೋಜನೆಯಿಂದ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮನೋರೋಗ ಶುಶ್ರೂಷಕರನ್ನು ವೃತ್ತಿಪರರ ಸಾಲಿನಲ್ಲಿ ನೋಂದಾಯಿಸಿಕೊಂಡಿತು. 2018ರಿಂದ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯಾಧಿಕಾರಿಗಳು ಬಹುತೇಕ ಶುಶ್ರೂಷಾ ಪದವೀಧರರೇ. ಕೊಲರಾಡೊದ ಕಲ್ಪನೆಗೆ ನಮ್ಮಲ್ಲಿ ಅತ್ಯಂತ ಸಮೀಪವಾದ ಹುದ್ದೆ ಇದೇ ಎಂದು ನಮ್ಮ ಅಭಿಪ್ರಾಯ. ಹೆಸರು ಮಾತ್ರ ಬೇರೆ.

ಅಧಿಕಾರವೂ ಬೇರೆ ಎಂಬುದನ್ನು ಮರೆಯಲಾಗದು. ಈ ದೋಷಕ್ಕೆ ಹೆಚ್ಚಾಗಿ ಕೊಡುವ ಮಿಥೈಲ್‌ಫೆನಿಡೇಟ್ 1985ರ ಮಾದಕ ದ್ರವ್ಯ ಕಾಯಿದೆಯ ಪಟ್ಟಿಯಲ್ಲಿದ್ದು, ಅದನ್ನು ಬರೆದುಕೊಡುವ ಹಕ್ಕು ಶುಶ್ರೂಷಕಿಗಿಲ್ಲ. ಆದರೆ ಶಾಲೆಗೆ ಸೇರದ ಚಿಕ್ಕ ಮಕ್ಕಳಲ್ಲಿ ಮೊದಲ ಉಪಾಯ ಔಷಧವಲ್ಲ, ತಂದೆತಾಯಿಗಳ ಶಿಕ್ಷಣ. ಒಮ್ಮೆಗೆ ಒಂದೇ ಮಾತು ಹೇಳುವದು, ಮಾಡಿದೊಡನೆ ಮೆಚ್ಚುವದು, ಊಟ ನಿದ್ರೆಗಳಿಗೆ ಹೊತ್ತು ಗೊತ್ತುಮಾಡುವದು, ಬಡಿಗೆಯನ್ನು ಬದಿಗಿಡುವದು, ಇವನ್ನು ಕಲಿಸಲು ಯಾವ ಕಾಯಿದೆಯೂ ಅಡ್ಡಬರುವದಿಲ್ಲ. ಮುದ್ದೇಬಿಹಾಳದ ತಾಯಿಯೊಬ್ಬಳು ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಖರ್ಚು ಹೊತ್ತು ವಿಜಯಪುರಕ್ಕೆ ಬಂದು ಕೇಳಬೇಕಾದ ಮಾತುಗಳು ಇವೇ ಆಗಿದ್ದರೆ, ಅವಳ ಓಣಿಯ ಉಪಕೇಂದ್ರದಲ್ಲಿಯೇ ಅವನ್ನು ಹೇಳಬಹುದಾಗಿದೆ.

ಇನ್ನೊಂದು ಸಂಗತಿ ಉಳಿಯುತ್ತದೆ. ಈ ತಾಲೂಕುಗಳಿಂದ ಸುಗ್ಗಿಯ ನಂತರ ಅನೇಕ ಕುಟುಂಬಗಳು ಮಕ್ಕಳೊಂದಿಗೆ ಮಹಾರಾಷ್ಟ್ರಕ್ಕೋ ಗೋವೆಗೋ ದುಡಿಯಲು ಹೋಗುತ್ತವೆ. ತಪಾಸಣೆಯ ತಂಡ ಶಾಲೆಗೆ ಬಂದ ದಿನ ಆ ಮಗು ಹಾಜರಿಪಟ್ಟಿಯಲ್ಲಿ ‘ಗೈರು’. ಅವರು ಮರಳಿ ಬಂದರೆಂಬುದು ಮೊದಲು ತಿಳಿಯುವದು ತಂಡಕ್ಕಲ್ಲ, ಮುಂಗಾರಿಗೆ ಮುನ್ನ ಮನೆಮನೆ ತಿರುಗುವ ಆ ನರ್ಸಬಾಯಿಗೆ.