ಏಜೆಂಟ್ ಓದುವ ವಿವರಣೆ: ಬೆಂಗಳೂರು ಪೂರ್ವದ ಷೇರುಗಳನ್ನಿಟ್ಟು ವಾಚ್‌ಲಿಸ್ಟ್ ದಾಖಲೀಕರಣದ ಪರಿಶೀಲನೆ

ಇಂದಿರಾನಗರದ ಹಳೆಯ ನಿವಾಸಿಗೆ ಎಚ್‌ಎಎಲ್ ಎಂದರೆ ಮೊದಲು ಬಡಾವಣೆ, ಆಮೇಲೆ ಕಾರ್ಖಾನೆ, ಕೊನೆಗೆ ಷೇರು. ಕೆ.ಆರ್. ಪುರದ ಕಡೆಯವರಿಗೆ ಐಟಿಐ ಎಂದರೆ 1948ರಲ್ಲಿ ಆರಂಭವಾದ ದೂರವಾಣಿನಗರದ ಕಾರ್ಖಾನೆ. ಡಿಪ್ಲೊಮಾಕ್ಕೆ ಸೀಟು ಸಿಗದ ಹುಡುಗನಿಗೆ ಅದೇ ಐಟಿಐ ಎಂದರೆ ಕೈಗಾರಿಕಾ ತರಬೇತಿ ಸಂಸ್ಥೆ. ಯಾವುದು ಯಾವಾಗ ಎಂಬುದು ಮಾತಿನ ಸಂದರ್ಭದಲ್ಲೇ ತಿಳಿಯುತ್ತದೆ. ಷೇರುಗಳ ವಾಚ್‌ಲಿಸ್ಟ್ ನೋಡಿಕೊಳ್ಳುವ ಎಐ ಏಜೆಂಟ್‌ಗೆ ಆ ಸಂದರ್ಭ ತಾನಾಗಿ ಒದಗುವುದಿಲ್ಲ. ತಾನು ಬಳಸುವ ಸಾಧನದ (ಟೂಲ್) ಜತೆ ಬರುವ ವಿವರಣೆಯ ನಾಲ್ಕಾರು ಸಾಲುಗಳನ್ನೇ ಅದು ಬಹುಮಟ್ಟಿಗೆ ನೆಚ್ಚಬೇಕು. ಅನುಭವಿ ಹೂಡಿಕೆದಾರ ಬಾಯಿಬಿಟ್ಟು ಹೇಳದೆ ಬಲ್ಲ ಸಂಗತಿಗಳನ್ನು ಈ ಸಾಲುಗಳು ಹೇಳಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ಆಂತ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ (ಎಂಸಿಪಿ) ಪ್ರಕಾರ ಪ್ರತಿ ಸಾಧನಕ್ಕೂ ಒಂದು ಹೆಸರು, ಒಂದು ವಿವರಣೆ, ಒಳಕ್ಕೆ ಕೊಡಬೇಕಾದ ಮಾಹಿತಿಯ ನಮೂನೆ ಇರುತ್ತವೆ. ಯಾವ ಸಾಧನವನ್ನು ಕರೆಯಬೇಕೆಂದು ಎಐ ಮಾದರಿಯು ಇವನ್ನು ಓದಿ ತೀರ್ಮಾನಿಸುತ್ತದೆ. ಬೆಂಗಳೂರಿನದೇ ಆದ ಷೇರು ದಲ್ಲಾಳಿ ಸಂಸ್ಥೆ ಝೀರೋಧ 2025ರಲ್ಲಿ ತನ್ನ ಕೈಟ್ ವೇದಿಕೆಗಾಗಿ ಕೈಟ್ ಎಂಸಿಪಿಯನ್ನು ಹೊರತಂದ ಮೇಲೆ ಈ ಪ್ರಶ್ನೆ ನಮ್ಮ ಹೂಡಿಕೆದಾರರ ಮನೆಬಾಗಿಲಿಗೇ ಬಂದಿದೆ.

ಎಲ್ಲಕ್ಕಿಂತ ತೊಡಕಿನದು ಷೇರಿನ ಗುರುತು. ಕಬ್ಬನ್ ರಸ್ತೆಯಲ್ಲಿ ಪ್ರಧಾನ ಕಚೇರಿ ಇರುವ ಎಚ್‌ಎಎಲ್ 2018ರ ಮಾರ್ಚ್‌ನಲ್ಲಿ ಷೇರುಪೇಟೆಗೆ ಬಂತು. 2023ರ ಸೆಪ್ಟೆಂಬರ್‌ನಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 5 ರೂಪಾಯಿಯ ಎರಡು ಷೇರುಗಳಾಗಿ ಒಡೆಯಲಾಯಿತು. ಪೇಟೆಯ ಸಂಕೇತ ಬದಲಾಗಲಿಲ್ಲ, ಮುಂಬೈ ಷೇರುಪೇಟೆಯ 541154 ಸಂಖ್ಯೆಯೂ ಹಾಗೇ ಉಳಿಯಿತು. ಹನ್ನೆರಡು ಅಕ್ಷರಗಳ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ (ಐಎಸ್‌ಐಎನ್) ಮಾತ್ರ ಹೊಸದಾಯಿತು. ಯುನೈಟೆಡ್ ಸ್ಪಿರಿಟ್ಸ್‌ನದು ಇದರ ತಿರುಗುಮುರುಗು: ವಿಠಲ ಮಲ್ಯ ರಸ್ತೆಯ ಈ ಕಂಪನಿ 2024ರವರೆಗೆ ರಾಷ್ಟ್ರೀಯ ಷೇರುಪೇಟೆಯಲ್ಲಿ (ಎನ್‌ಎಸ್‌ಇ) ‘ಮೆಕ್‌ಡೊವೆಲ್-ಎನ್’ ಎಂಬ ಹಳೆಯ ಸಂಕೇತವನ್ನೇ ಹೊತ್ತು, ಆಮೇಲೆ ಅದನ್ನು ಬದಲಿಸಿಕೊಂಡಿತು. ಹೀಗಿರುವಾಗ ‘ಷೇರಿನ ಗುರುತನ್ನು ಕೊಡಿ’ ಎಂದು ಬರೆದು ಕೈತೊಳೆದುಕೊಂಡ ವಿವರಣೆ ಏನನ್ನೂ ಹೇಳಿದಂತಾಗದು. ಯಾವ ಪೇಟೆಯ ಯಾವ ಸಂಕೇತ, ಯಾವ ದಿನಾಂಕದಿಂದ ಸಿಂಧು, ಹಿಂದಿನ ಬೆಲೆಗಳನ್ನು ಒಡೆತಕ್ಕೆ ಹೊಂದಿಸಲಾಗಿದೆಯೇ ಎಂಬುದಷ್ಟೂ ಬೇಕು. ಹೊಂದಿಸದ ಬೆಲೆಯನ್ನು ಕಂಡ ಏಜೆಂಟ್, ಎಚ್‌ಎಎಲ್ ಒಂದೇ ದಿನದಲ್ಲಿ ಅರ್ಧ ಕುಸಿಯಿತೆಂದು ಗಂಭೀರವಾಗಿ ವರದಿ ಮಾಡೀತು.

ಇನ್ನು ಇಲ್ಲವಾದ ಷೇರುಗಳು. ಟ್ರಿನಿಟಿ ವೃತ್ತದ ಬಳಿ ಪ್ರಧಾನ ಕಚೇರಿ ಹೊಂದಿದ್ದ, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 1,000 ಷೇರುಗಳಿಗೆ ಬರೋಡಾದ 402 ಷೇರುಗಳು ಬಂದವು. ಹಳೆಯ ಪಟ್ಟಿಯಲ್ಲಿ ಆ ಹೆಸರು ಉಳಿದಿದ್ದರೆ ಸಾಧನ ಏನು ಮಾಡಬೇಕು? ತಾನಾಗಿ ಬರೋಡಾವನ್ನು ತಂದಿಟ್ಟರೆ ಬಳಕೆದಾರ ಕೇಳದ್ದನ್ನು ಮಾಡಿದಂತೆ. ಸದ್ದಿಲ್ಲದೆ ಅಳಿಸಿದರೆ ಅದಕ್ಕಿಂತ ಕೆಟ್ಟದ್ದು. ವಿಲೀನದ ದಿನಾಂಕ, ಉತ್ತರಾಧಿಕಾರಿ, ಅನುಪಾತ ಮೂರನ್ನೂ ತಿಳಿಸಿ ನಿರ್ಧಾರವನ್ನು ಬಳಕೆದಾರನಿಗೇ ಬಿಡುವುದು ಸರಿಯೆಂದು ನನ್ನ ಅಭಿಪ್ರಾಯ. ತಿಪ್ಪಸಂದ್ರದ ಪಕ್ಕದ ಬೆಮೆಲ್‌ನಿಂದ ಒಡೆದು 2023ರಲ್ಲಿ ಪೇಟೆ ಪ್ರವೇಶಿಸಿದ ಬೆಮೆಲ್ ಲ್ಯಾಂಡ್ ಅಸೆಟ್ಸ್‌ಗೂ ಇದೇ ಮಾತು: ಬರಿಯ ‘ಬೆಮೆಲ್’ ಎಂದು ಹುಡುಕಿದರೆ ಎರಡೂ ಕಾಣಬೇಕು, ಯಾವುದೆಂದು ಸಾಧನವೇ ಊಹಿಸಬಾರದು.

ಬರಿಗೈಯಲ್ಲಿ ಬಂದ ಉತ್ತರಕ್ಕೂ ಅರ್ಥ ಕೊಡಬೇಕಾಗುತ್ತದೆ. ಪ್ರೋಗ್ರಾಮರ್‌ಗಳಿಗಾಗಿ ಇರುವ ಝೀರೋಧದ ಕೈಟ್ ಕನೆಕ್ಟ್ ದಾಖಲೆಯಲ್ಲಿ ಒಂದು ಒಳ್ಳೆಯ ಎಚ್ಚರಿಕೆ ಇದೆ: ಮಾಹಿತಿ ಲಭ್ಯವಿಲ್ಲದ ಷೇರಿನ ನಮೂದು ಉತ್ತರದಲ್ಲಿ ಇರುವುದೇ ಇಲ್ಲ, ಆದ್ದರಿಂದ ಬಳಸುವ ಮುನ್ನ ಇದೆಯೇ ಎಂದು ನೋಡಿಕೊಳ್ಳಬೇಕು. ಪ್ರೋಗ್ರಾಮರ್‌ಗೆ ಇಷ್ಟು ಸಾಕು. ಆದರೆ ಏಜೆಂಟ್ ಹತ್ತು ಷೇರು ಕೇಳಿ ಒಂಬತ್ತನ್ನು ಪಡೆದು, ಹತ್ತನೆಯದನ್ನು ಸಾರಾಂಶದಿಂದ ಮರೆಸಿಬಿಡಬಹುದು. ಸಿಗದವುಗಳ ಪಟ್ಟಿಯನ್ನು ಬೇರೆಯಾಗಿ, ಕಾರಣಸಮೇತ ಕೊಡುವುದು ಲೇಸು. ಪೇಟೆಯ ಸಾಮಾನ್ಯ ವಹಿವಾಟು ದಿನದ ನಿಗದಿತ ಅವಧಿಯಲ್ಲಿ ಮಾತ್ರ ನಡೆಯುವುದರಿಂದ ಬೆಲೆಯ ಜತೆ ಭಾರತೀಯ ಕಾಲಮಾನದ ಮುದ್ರೆಯೂ ಇರಲಿ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ಕಾಟ. ‘ಎಚ್‌ಎಎಲ್’, ‘ಹೆಚ್‌ಎಎಲ್’, ‘ಎಚ್.ಎ.ಎಲ್.’ ಎಲ್ಲವೂ ಬಳಕೆಯಲ್ಲಿವೆ. ಒಂದೇ ರೂಪವೂ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಯಿಂದಾಗಿ ಕಂಪ್ಯೂಟರ್‌ಗೆ ಎರಡಾಗುತ್ತದೆ. ಇವನ್ನು ಸಾಧನ ಒಂದುಗೂಡಿಸಿಕೊಳ್ಳುತ್ತದೋ ಇಲ್ಲವೋ ಎಂಬುದನ್ನು ವಿವರಣೆಯಲ್ಲಿ ಹೇಳದಿದ್ದರೆ ಏಜೆಂಟ್ ವ್ಯರ್ಥವಾಗಿ ಮತ್ತೆ ಮತ್ತೆ ತಡಕಾಡುತ್ತದೆ.

ಪಟ್ಟಿಯನ್ನು ಬದಲಿಸುವ ಸಾಧನಗಳಿಗೆ ಬಿಗಿ ಹೆಚ್ಚು ಬೇಕು. ಸಂಪರ್ಕ ಕಡಿದಾಗ ಏಜೆಂಟ್ ಅದೇ ಕೋರಿಕೆಯನ್ನು ಮತ್ತೆ ಕಳಿಸುವುದು ಸಹಜ. ಐಟಿಐಯನ್ನು ಎರಡು ಸಲ ಸೇರಿಸಿದರೂ ಪಟ್ಟಿಯಲ್ಲಿ ಅದು ಒಂದೇ ಇರಬೇಕು. ‘ತೆಗೆ’ ಎಂದರೆ ಪಟ್ಟಿಯಿಂದ ತೆಗೆಯುವುದೇ ಹೊರತು ಷೇರು ಮಾರುವುದಲ್ಲ ಎಂಬುದನ್ನೂ ಬರೆಯಬೇಕು, ಓದುವವರಿಗೆ ನಗು ಬಂದರೂ ಸರಿ. ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಲ್ಲಿ ‘ಓದಲು ಮಾತ್ರ’, ‘ಹಾನಿಕರ’ ಎಂಬಂಥ ಸೂಚನೆಗಳಿಗೆ ಜಾಗವಿದೆ. ಆದರೆ ಅವು ಸೂಚನೆಗಳಷ್ಟೇ. ನಂಬಿಕೆಗೆ ಅರ್ಹವಲ್ಲದ ಸರ್ವರ್‌ನಿಂದ ಬಂದರೆ ಅವನ್ನು ನೆಚ್ಚಬಾರದೆಂದು ಆ ನಿಯಮಾವಳಿಯೇ ಹೇಳುತ್ತದೆ. ಝೀರೋಧ ತಾನೇ ನಡೆಸುವ ಕೈಟ್ ಎಂಸಿಪಿ ಸರ್ವರ್‌ನಿಂದ ಆರ್ಡರ್ ಹಾಕುವ, ತಿದ್ದುವ, ರದ್ದುಮಾಡುವ ಸಾಧನಗಳನ್ನೇ ಹೊರಗಿಟ್ಟಿದ್ದು ಇದೇ ಜಾಡಿನ ಎಚ್ಚರಿಕೆ: ಅಲ್ಲಿ ಇಲ್ಲದ ಸಾಧನವನ್ನು ಏಜೆಂಟ್ ಎಷ್ಟೇ ತಪ್ಪಾಗಿ ಓದಿಕೊಂಡರೂ ಕರೆಯಲಾರದು.