ಲೇಪನಗಳ ಅಂಟುಬಲ ಪರೀಕ್ಷೆ

ಲೋಹ, ಗಾಜು, ಗಾರೆ ಮೊದಲಾದವುಗಳ ಮೇಲಿನ ಬಣ್ಣ ಅಥವಾ ಬೇರಾವುದೇ ಲೇಪನ ತಳವನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ತಿಳಿಯಲು ಮಾಡುವ ಪರೀಕ್ಷೆ. ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳಲ್ಲಿ ಮನೆಯ ಗ್ರಿಲ್ಲಿಗೆ ಬಳಿದ ಎನಾಮೆಲ್‌ನಿಂದ ವಿದ್ಯುತ್ ಗೋಪುರದ ಸತುವಿನ ಹೊದಿಕೆಯವರೆಗೆ ಇದು ಅನ್ವಯಿಸುತ್ತದೆ. ಆದರೆ ಎಲ್ಲಕ್ಕೂ ಒಂದೇ ಪರೀಕ್ಷೆ ಸಲ್ಲದು.

ತೆಳು ಬಣ್ಣಕ್ಕೆ ಹೆಚ್ಚು ಬಳಕೆಯಲ್ಲಿರುವುದು ಚೌಕುಳಿ ಗೀರಿನ ಪರೀಕ್ಷೆ. ಐಎಸ್‌ಒ 2409ರ ಪ್ರಕಾರ ತಳದ ಲೋಹ ಮುಟ್ಟುವಂತೆ ಆರು ಗೀರು, ಅವಕ್ಕೆ ಅಡ್ಡಲಾಗಿ ಇನ್ನಾರು ಗೀರು ಎಳೆದರೆ 25 ಚೌಕಗಳಾಗುತ್ತವೆ. ಅಂಟುಪಟ್ಟಿ ಒತ್ತಿ ಕಿತ್ತು, ಎಷ್ಟು ಬಣ್ಣ ಎದ್ದುಬಂತೆಂದು ನೋಡಿ 0ಯಿಂದ 5ರವರೆಗೆ ದರ್ಜೆ ಕೊಡಲಾಗುತ್ತದೆ. ಇಲ್ಲಿ 0 ಅತ್ಯುತ್ತಮ. ಅಮೆರಿಕದ ಎಎಸ್‌ಟಿಎಂ ಡಿ3359ರಲ್ಲಿ ಲೆಕ್ಕ ತಿರುವುಮುರುವು, ಅಲ್ಲಿ 5ಬಿ ಅತ್ಯುತ್ತಮ. ಯಾವ ಮಾನಕವೆಂದು ಬರೆಯದ ವರದಿಯ ಅಂಕಿಯನ್ನು ನಂಬುವಂತಿಲ್ಲ.

ದಪ್ಪ ಲೇಪನಕ್ಕೆ ಎಳೆತದ ಪರೀಕ್ಷೆ (ಐಎಸ್‌ಒ 4624) ಇದೆ. ಲೋಹದ ಪುಟ್ಟ ಗುಬುಟನ್ನು ಗಟ್ಟಿ ಅಂಟಿನಿಂದ ಲೇಪನಕ್ಕೆ ಕೂರಿಸಿ, ಅದು ಕಿತ್ತುಬರುವವರೆಗೆ ನೇರವಾಗಿ ಎಳೆದು ಬಲವನ್ನು ಮೆಗಾಪಾಸ್ಕಲ್‌ಗಳಲ್ಲಿ ದಾಖಲಿಸುತ್ತಾರೆ. ಕಿತ್ತುಬಂದ ಜಾಗ ಯಾವುದೆಂಬುದು ಬಲದಷ್ಟೇ ಮುಖ್ಯ. ಲೇಪನ ತಳದಿಂದ ಬೇರ್ಪಟ್ಟರೆ ಅದು ಅಂಟುಬಲದ ಸೋಲು. ಲೇಪನದ ಒಳಗೇ ಸೀಳಿದರೆ ಅದರ ಒಳಬಲದ ಸೋಲು. ಗುಬುಟಿನ ಅಂಟೇ ಬಿಟ್ಟಿದ್ದರೆ ಲೇಪನದ ಬಲ ಅದಕ್ಕಿಂತ ಕಡಿಮೆಯಿಲ್ಲ ಎಂದಷ್ಟೇ ಹೇಳಬಹುದು.

ಲೇಪನಗಳ ಬಳಕೆಗೆ ಈ ಭಾಗದ ದೊಡ್ಡ ಉದಾಹರಣೆ ಪಾವಗಡದ ಸೌರ ವಿದ್ಯುತ್ ಪಾರ್ಕ್. ತಿರುಮಣಿ, ವಳ್ಳೂರು ಸೇರಿದಂತೆ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು ನಿರ್ಮಿಸಿದ ಈ ಪಾರ್ಕ್ 2018ರಲ್ಲಿ ಉದ್ಘಾಟನೆಯಾಯಿತು. ಸಾಮರ್ಥ್ಯ 2,050 ಮೆಗಾವಾಟ್. ಇಂಥ ಪಾರ್ಕುಗಳ ಫಲಕಗಳನ್ನು ಹೊರುವ ಉಕ್ಕಿನ ಚೌಕಟ್ಟಿಗೂ ವಿದ್ಯುತ್ ಸಾಗಿಸುವ ಗೋಪುರಗಳಿಗೂ ಸಾಮಾನ್ಯವಾಗಿ ಬಣ್ಣಕ್ಕಿಂತ ಸತುವಿನ ಹೊದಿಕೆಯೇ ರಕ್ಷೆ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಸತುವಿನಲ್ಲಿ ಅದ್ದಿದಾಗ ಕಬ್ಬಿಣವೂ ಸತುವೂ ಬೆರೆತು ಮಿಶ್ರಲೋಹದ ಪದರಗಳಾಗುತ್ತವೆ. ಹಾಗಾಗಿ ಇದಕ್ಕೆ ಚೌಕುಳಿ ಗೀರು ಹೊಂದುವುದಿಲ್ಲ. ಗಟ್ಟಿ ಚಾಕುವಿನ ಮೊನೆಯನ್ನು ಒತ್ತಿ ಎಳೆಯುವ ಇಲ್ಲವೇ ನಿಗದಿತ ಸುತ್ತಿಗೆಯಿಂದ ಹೊಡೆಯುವ ಪರೀಕ್ಷೆ ಮಾಡುತ್ತಾರೆ. ಹೊದಿಕೆ ಹಾಳೆಹಾಳೆಯಾಗಿ ಏಳಬಾರದು.

ತೊಂದರೆ ಶುರುವಾಗುವುದು ಸತುವಿನ ಮೇಲೆ ಬಣ್ಣ ಬಳಿದಾಗ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಣ್ಣೆಬಣ್ಣ, ಆಲ್ಕಿಡ್ ಎನಾಮೆಲ್‌ಗಳ ಕೊಬ್ಬಿನಾಮ್ಲ ಸತುವಿನೊಡನೆ ಕೂಡಿ ಸಾಬೂನಿನಂಥ ಪದರವಾಗುತ್ತದೆ. ಮೊದಲಿಗೆ ಗಟ್ಟಿಯಾಗಿ ಕಂಡ ಬಣ್ಣ ಕಾಲಾನಂತರ ಸಿಪ್ಪೆಯಂತೆ ಸುಲಿದುಬರುವುದು ಇದರಿಂದಲೇ, ದೋಷ ಬಳಿದವನ ಕೈಯದಲ್ಲ. ಮೇಲ್ಮೈಯನ್ನು ಹಗುರವಾಗಿ ಮರಳು ಸಿಡಿಸಿ ಒರಟಾಗಿಸಿ, ಸತುವಿಗೆ ಒಗ್ಗುವ ಪ್ರೈಮರ್ ಹಾಕುವುದು ಪರಿಹಾರ. ತೊಳೆಯುವ ನೀರೂ ಲೆಕ್ಕಕ್ಕೆ ಬರುತ್ತದೆ: ಗಡಸು ಕೊಳವೆಬಾವಿ ನೀರು ಆರಿದ ಮೇಲೆ ಉಳಿಯುವ ಲವಣ ಬಣ್ಣದಡಿ ತೇವವನ್ನು ಎಳೆದು ಬೊಬ್ಬೆ ಎಬ್ಬಿಸಬಲ್ಲದು.

ಸೌರ ಫಲಕದ ಗಾಜಿನ ಮೇಲೆ ಬೆಳಕು ಪ್ರತಿಫಲಿಸದಂತೆ ಹಚ್ಚುವ ಸಿಲಿಕಾ ಲೇಪನದ ದಪ್ಪ ಸುಮಾರು 100 ನ್ಯಾನೋಮೀಟರ್ ಮಾತ್ರ. ಮಳೆ ಕಡಿಮೆಯಿರುವ, ದೂಳು ಹೆಚ್ಚಿರುವ ಕಡೆ ಒಣ ಬ್ರಷ್ಷಿನಿಂದ ಪದೇಪದೇ ಒರೆಸಿದರೆ ಅದು ಸವೆಯುತ್ತದೆ. ಆದ್ದರಿಂದ ಅಲ್ಲಿ ಗೀರಿನ ಬದಲು ಉಜ್ಜುವ ಪರೀಕ್ಷೆ ಮಾಡಿ, ಉಜ್ಜುವ ಮೊದಲೂ ಆಮೇಲೂ ಗಾಜು ಎಷ್ಟು ಬೆಳಕು ಬಿಡುತ್ತದೆಂದು ಅಳೆಯುತ್ತಾರೆ.