ಮಂಗಳೂರು

ಮಂಗಳೂರು ಕರ್ನಾಟಕದ ಅತಿ ದೊಡ್ಡ ಬಂದರು ನಗರ, ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತ ಕೇಂದ್ರ. ಪಶ್ಚಿಮ ಘಟ್ಟದಿಂದ ಇಳಿದು ಬರುವ ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳು ಅರಬ್ಬಿ ಸಮುದ್ರವನ್ನು ಸೇರುವ ಅಳಿವೆಯ ಪಕ್ಕದಲ್ಲಿದೆ. ತುಳುವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 5 ಲಕ್ಷ. ಘಟ್ಟದ ಮೇಲಿನ ಬೆಳೆ ಕಡಲಿಗೆ ಇಳಿಯುವ ಜಾಗ, ಕಡಲಾಚೆಯ ಸರಕು ದಡ ಹತ್ತುವ ಜಾಗ ಎರಡೂ ಇದೇ ಆದದ್ದರಿಂದ ಇಲ್ಲಿನ ಜನ, ಭಾಷೆ, ಕಸುಬು, ರಾಜಕೀಯ ಎಲ್ಲವೂ ಬಂದರಿನ ಸುತ್ತ ರೂಪುಗೊಂಡಿವೆ.

ನೆಲ ಮತ್ತು ನೀರು

ಉತ್ತರದಿಂದ ಗುರುಪುರ ನದಿ ಕಡಲಿಗೆ ಸಮಾನಾಂತರವಾಗಿ ಹರಿದುಬರುತ್ತದೆ. ಪೂರ್ವದಿಂದ ಬರುವ ನೇತ್ರಾವತಿ ಅದನ್ನು ಅಳಿವೆಯಲ್ಲಿ ಕೂಡುತ್ತದೆ. ನದಿಗೂ ಕಡಲಿಗೂ ನಡುವೆ ಚಾಚಿರುವ ಬೆಂಗ್ರೆಯ ಮರಳು ದಿಬ್ಬ ಅಲೆಗಳನ್ನು ತಡೆಯುವುದರಿಂದ ಹಿಂದಿನ ನಾವೆಗಳಿಗೆ ಒಳಗಿನ ನದಿಯಲ್ಲಿ ಸಹಜವಾದ ಆಸರೆ ಸಿಗುತ್ತಿತ್ತು. ತೊಂದರೆ ಇದ್ದದ್ದು ಅಳಿವೆ ಬಾಗಿಲಿನಲ್ಲಿ. ನದಿಗಳು ತರುವ ಹೂಳೂ ಕಡಲು ತಳ್ಳುವ ಮರಳೂ ಅಲ್ಲಿ ದಿಣ್ಣೆಯಾಗಿ ನಿಲ್ಲುವುದರಿಂದ ದೊಡ್ಡ ಹಡಗುಗಳಿಗೆ ಒಳಗೆ ಬರಲಾಗುತ್ತಿರಲಿಲ್ಲ. ಅವು ಹೊರಗಡಲಲ್ಲಿ ಲಂಗರು ಹಾಕುತ್ತಿದ್ದವು, ಸರಕನ್ನು ದೋಣಿಗಳಲ್ಲಿ ದಡಕ್ಕೆ ಸಾಗಿಸಬೇಕಿತ್ತು. ಮಳೆಗಾಲದಲ್ಲಿ ಆ ಕೆಲಸವೂ ನಿಲ್ಲುತ್ತಿತ್ತು. ಈ ಕೊರತೆಯೇ ಮುಂದೆ ಹೊಸ ಬಂದರಿಗೆ ಕಾರಣವಾಯಿತು.

ಆಳುಪರ ಕಾಲದಿಂದ ವಿಜಯನಗರದವರೆಗೆ

6ನೆಯ ಶತಮಾನದ ಗ್ರೀಕ್ ಬರಹಗಾರ ಕಾಸ್ಮಾಸ್ ಕಾಳುಮೆಣಸು ರಫ್ತಾಗುವ ರೇವುಗಳ ಪಟ್ಟಿಯಲ್ಲಿ ‘ಮಂಗರೂಥ್’ ಎಂದು ಹೆಸರಿಸುವುದು ಈ ಊರನ್ನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ತುಳುನಾಡನ್ನು ದೀರ್ಘಕಾಲ ಆಳಿದ ಆಳುಪರಿಗೆ ಮಂಗಳೂರು ರಾಜಧಾನಿಯಾಗಿತ್ತು. ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹ ಕದ್ರಿ ಮಂಜುನಾಥ ದೇವಾಲಯದಲ್ಲಿ ಇಂದಿಗೂ ಇದೆ.

12ನೆಯ ಶತಮಾನದ ಮಂಗಳೂರಿನ ವ್ಯಾಪಾರಿ ಬದುಕು ತಿಳಿದುಬರುವುದು ಕೈರೋದ ಯಹೂದಿ ಪ್ರಾರ್ಥನಾಲಯವೊಂದರಲ್ಲಿ ಉಳಿದ ಕಾಗದಪತ್ರಗಳಿಂದ. ಟುನೀಸಿಯಾ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು ಸುಮಾರು 1132ರಿಂದ 1149ರವರೆಗೆ ಇಲ್ಲಿ ನೆಲೆಸಿ ಏಡನ್ನಿಗೆ ಅಡಿಕೆ, ಕಾಳುಮೆಣಸು, ಕಬ್ಬಿಣ ಕಳುಹಿಸುತ್ತಿದ್ದ. ಏಡನ್ನಿನ ಗೆಳೆಯರು ಕಳುಹಿಸಿದ ಒಡಕು ತಾಮ್ರದ ಪಾತ್ರೆಗಳನ್ನು ಕರಗಿಸಿ ಹೊಸದಾಗಿ ಮಾಡಿಸುವ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೊಮ್ಮ ಎಂಬ ಆಳಿನ ಹೆಸರೂ ಪತ್ರಗಳಲ್ಲಿ ಬರುತ್ತದೆ. ಅಮಿತಾವ್ ಘೋಷ್ ಅವರ 1992ರ ಇಂಗ್ಲಿಷ್ ಕೃತಿ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಈ ಬೊಮ್ಮನ ಜಾಡು ಹಿಡಿದೇ ಸಾಗುತ್ತದೆ.

1340ರ ದಶಕದಲ್ಲಿ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಪರ್ಷಿಯಾ ಮತ್ತು ಯೆಮನ್‌ನ ವರ್ತಕರು ಇಳಿಯುವುದನ್ನೂ ಮೆಣಸು, ಶುಂಠಿ ಹೇರಳವಾಗಿ ಸಿಗುವುದನ್ನೂ ದಾಖಲಿಸಿದ್ದಾನೆ. ಸುಮಾರು 4,000 ಮುಸ್ಲಿಮರು ಊರಿನ ಪಕ್ಕದ ವಸತಿಯಲ್ಲಿದ್ದರು. ಅವರಿಗೂ ಊರವರಿಗೂ ಜಗಳವಾದಾಗ, ವರ್ತಕರು ತನಗೆ ಬೇಕಾದವರೆಂದು ಅರಸನೇ ರಾಜಿ ಮಾಡಿಸುತ್ತಿದ್ದ ಎನ್ನುತ್ತಾನೆ. ಬಂದರಿನ ಜೀನತ್ ಬಕ್ಷ್ ಮಸೀದಿ ಈ ಅರಬ್ಬಿ ಸಂಬಂಧದ ಗುರುತಾಗಿ ಉಳಿದಿದೆ. ವಿಜಯನಗರದ ಆಳ್ವಿಕೆಯಲ್ಲಿ ತುಳುನಾಡು ಬಾರಕೂರು ಮತ್ತು ಮಂಗಳೂರು ಎಂಬ ಎರಡು ರಾಜ್ಯಗಳಾಗಿ ವಿಂಗಡವಾಗಿತ್ತು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಹೊರಟಾಗ ಹಡಗಿನಿಂದ ಇಳಿದದ್ದು ಮಂಗಳೂರಿನಲ್ಲಿ.

ಬಂದರಿಗಾಗಿ ಯುದ್ಧಗಳು

16ನೆಯ ಶತಮಾನದಲ್ಲಿ ಪೋರ್ಚುಗೀಸರು ಅರಬ್ಬರ ವ್ಯಾಪಾರವನ್ನು ಮುರಿಯಲು ಹೊರಟರು. ಗೋವೆಗೆ ಇಲ್ಲಿನ ಅಕ್ಕಿಯೂ ಬೇಕಿತ್ತು. 1568ರಲ್ಲಿ ಅವರು ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ನೇತ್ರಾವತಿಯ ಆಚೆ ದಡದ ಉಳ್ಳಾಲದ ಚೌಟ ರಾಣಿ ಅಬ್ಬಕ್ಕ ಅವರಿಗೆ ಕಪ್ಪ ಕೊಡಲು ಒಪ್ಪದೆ ಹೋರಾಡಿದಳು. ಮುಂದೆ ಇಕ್ಕೇರಿಯ ನಾಯಕರು ಕರಾವಳಿಯ ಮೇಲೆ ಹಿಡಿತ ಸಾಧಿಸಿದರು.

1763ರಲ್ಲಿ ಹೈದರ್ ಅಲಿ ಮಂಗಳೂರನ್ನು ಗೆದ್ದು ಹಡಗುಕಟ್ಟೆ ಸ್ಥಾಪಿಸಿದ. ಒಳನಾಡಿನ ಮೈಸೂರಿಗೆ ಕಡಲಿನ ಬಾಗಿಲು ದೊರೆತದ್ದು ಹೀಗೆ. ಅದನ್ನು ಮುಚ್ಚಲು ಬ್ರಿಟಿಷರು ಪದೇ ಪದೇ ಯತ್ನಿಸಿದರು. 1783ರಲ್ಲಿ ಕೋಟೆ ಅವರ ಕೈ ಸೇರಿದಾಗ ಟಿಪ್ಪು ಸುಲ್ತಾನ್ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಮರಳಿ ಪಡೆದ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದೊಂದಿಗೆ ಎರಡನೆಯ ಮೈಸೂರು ಯುದ್ಧ ಮುಗಿಯಿತು. ಗುರುಪುರ ನದಿಗೆ ಯುದ್ಧನೌಕೆಗಳು ನುಗ್ಗದಂತೆ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಎಂಬ ಕಪ್ಪುಕಲ್ಲಿನ ಕಾವಲುಗೋಪುರ ಎದ್ದಿತು. ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ ಸಾವಿರಾರು ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದೂ ಅದೇ ವರ್ಷ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಬದುಕುಳಿದವರು 1799ರ ನಂತರ ಮರಳಿದರು. ಮಂಗಳೂರಿನ ಕ್ಯಾಥೊಲಿಕ್ ಸಮುದಾಯ ಈ ದುರಂತವನ್ನು ಮರೆತಿಲ್ಲ.

1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಬಂದಿತು. ಕಂದಾಯದ ಹೊರೆಯಿಂದ ನೊಂದ ರೈತರು 1837ರಲ್ಲಿ ಕೊಡಗು, ಸುಳ್ಯ, ಪುತ್ತೂರುಗಳಿಂದ ನಡೆದುಬಂದು ಬಾವುಟಗುಡ್ಡೆಯ ಮೇಲೆ ತಮ್ಮ ಧ್ವಜ ಹಾರಿಸಿದರು. ಕಂಪನಿಯ ಪಡೆಗಳು ಬಂದು ದಂಗೆಯನ್ನು ಅಡಗಿಸಿದವು.

ಅಚ್ಚು, ಹಂಚು, ಬ್ಯಾಂಕು

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಇಲ್ಲಿ ಕಾಲಿಟ್ಟಿತು. 1843ರ ಜುಲೈ 1ರಂದು ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿನ ಮಿಶನ್ ಮುದ್ರಣಾಲಯದಲ್ಲಿ.

1865ರಲ್ಲಿ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹೊಳೆಯ ದಂಡೆಯ ಜೇಡಿಮಣ್ಣು, ಘಟ್ಟದ ಬುಡದ ಸೌದೆ ಎರಡೂ ದೋಣಿಯಲ್ಲಿ ಬರುತ್ತಿದ್ದವು; ಸುಟ್ಟ ಹಂಚು ಅದೇ ನೀರುದಾರಿಯಲ್ಲಿ ಬಂದರಿಗೆ ಹೋಗಿ ದೇಶವಿದೇಶಗಳಿಗೆ ಸಾಗುತ್ತಿತ್ತು. 1868ರಲ್ಲಿ ಆಲ್ಬುಕರ್ಕ್ ಮನೆತನವೂ ಈ ಉದ್ಯಮಕ್ಕೆ ಇಳಿಯಿತು, ಹಿಂದೆಯೇ ಹಲವರು ಬಂದರು. ಒಂದಕ್ಕೊಂದು ಕೊಂಡಿಯಾಗಿ ಕೂರುವ, ಹಗುರವಾದ ಕೆಂಪು ‘ಮಂಗಳೂರು ಹಂಚು’ ಪಶ್ಚಿಮ ಕರಾವಳಿಯ ಸೂರುಗಳನ್ನೇ ಬದಲಿಸಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿ ಸಂಸ್ಕರಣೆ, ಗೇರುಬೀಜದ ಕಾರ್ಖಾನೆ, ಬೀಡಿ ಉದ್ಯಮ ಕೂಡಿಕೊಂಡು ಸಾವಿರಾರು ಹೆಂಗಸರಿಗೆ ಕೂಲಿ ಸಿಕ್ಕಿತು. ನಗರದ ಏಳಿಗೆಯಲ್ಲಿ ಅವರ ದುಡಿಮೆಯ ಪಾಲು ದೊಡ್ಡದು.

1880ರಲ್ಲಿ ಸಂತ ಅಲೋಶಿಯಸ್ ಕಾಲೇಜೂ ಫಾದರ್ ಮುಲ್ಲರ್ ಆಸ್ಪತ್ರೆಯೂ ಆರಂಭವಾದವು. ಶೋಷಿತ ಜಾತಿಗಳ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾವ್ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ದೇವಾಲಯ ಪ್ರವೇಶವಿಲ್ಲದ ಬಿಲ್ಲವರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಕುದ್ರೋಳಿ ಗೋಕರ್ಣನಾಥ ದೇವಾಲಯವನ್ನು ಪ್ರತಿಷ್ಠಾಪಿಸಿದರು. ಕೆನರಾ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924), ವಿಜಯಾ ಬ್ಯಾಂಕ್ (1931) ಹುಟ್ಟಿದ್ದು ಇಲ್ಲಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 1907ರಲ್ಲಿ ಮಲಬಾರಿನ ಕಡೆಯಿಂದ ರೈಲು ಬಂದಿತು. 1956ರಲ್ಲಿ ಜಿಲ್ಲೆ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು.

ಪಣಂಬೂರಿನ ಹೊಸ ಬಂದರು

ಅಳಿವೆಯ ಹೂಳಿನಿಂದ ಬಿಡುಗಡೆ ಪಡೆಯಲು ಉತ್ತರದ ಪಣಂಬೂರಿನಲ್ಲಿ ದಡವನ್ನು ಒಳಕ್ಕೆ ಅಗೆದು ನವಮಂಗಳೂರು ಬಂದರನ್ನು ನಿರ್ಮಿಸಲಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಮಳೆಗಾಲದಲ್ಲೂ ಹಡಗುಗಳು ಕಟ್ಟೆಗೆ ಬರುವಂತಾಯಿತು. ಕುದುರೆಮುಖದ ಅದಿರು ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ನೀರಿನೊಂದಿಗೆ ಹರಿದು ಇಲ್ಲಿಗೆ ಬರುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಇಂದು ಬಂದರಿನ ಮುಖ್ಯ ಸರಕು ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು. 1988ರಲ್ಲಿ ಸ್ಥಾಪನೆಯಾದ ಎಂ.ಆರ್.ಪಿ.ಎಲ್. ತೈಲಾಗಾರ, ರಸಗೊಬ್ಬರ ಕಾರ್ಖಾನೆ, ಬಂಡೆಯಲ್ಲಿ ಕೊರೆದ 15 ಲಕ್ಷ ಟನ್ ಸಾಮರ್ಥ್ಯದ ತೈಲ ಸಂಗ್ರಹಾಗಾರ ಇದರ ಸುತ್ತಲಿವೆ. ಇವುಗಳಿಗಾಗಿ ನೂರಾರು ಕುಟುಂಬಗಳು ಗದ್ದೆ, ತೋಟ, ದೈವಸ್ಥಾನಗಳಿದ್ದ ಊರು ಬಿಡಬೇಕಾಯಿತು.

ಇಂದಿನ ನಗರ

ಹಳೆ ಬಂದರು ಮೀನುಗಾರಿಕೆಯಲ್ಲಿ ಬದುಕಿದೆ. ಬೆಳಗಿನ ಜಾವ ಮೀನು ಇಳಿಸುವ ದಕ್ಕೆಯಲ್ಲಿ ಬೂತಾಯಿ, ಬಂಗುಡೆ, ಅಂಜಲ್ ಏಲಂ ಆಗುತ್ತವೆ. ಮೊಗವೀರರೂ ಬ್ಯಾರಿಗಳೂ ಈ ಕಸುಬಿನ ಮುಂಚೂಣಿಯಲ್ಲಿದ್ದಾರೆ. ಜೂನ್, ಜುಲೈ ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ. ಲಕ್ಷದ್ವೀಪಕ್ಕೆ ತರಕಾರಿ, ದಿನಸಿ, ಕಟ್ಟಡ ಸಾಮಗ್ರಿ ಹೊತ್ತ ಮಂಜಿ ಎಂಬ ಸರಕು ನಾವೆಗಳು ಈಗಲೂ ಇಲ್ಲಿಂದಲೇ ಹೊರಡುತ್ತವೆ.

ಪೇಟೆಯಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ ಒಟ್ಟಿಗೆ ಕೇಳಿಸುತ್ತವೆ. ನವರಾತ್ರಿಯ ಹುಲಿವೇಷ, ರಥಬೀದಿಯ ತೇರು, ಬಯಲಾಟ, ಭೂತಕೋಲ, ಕ್ಯಾಥೊಲಿಕರ ಮೊಂತಿ ಹಬ್ಬ, ಉಳ್ಳಾಲದ ಉರೂಸ್ ನಗರದ ವರ್ಷವನ್ನು ತುಂಬುತ್ತವೆ. ವೈದ್ಯಕೀಯ ಕಾಲೇಜುಗಳು, ಸುರತ್ಕಲ್‌ನ ಎನ್.ಐ.ಟಿ.ಕೆ. ಮತ್ತು ಕೊಣಾಜೆಯ ವಿಶ್ವವಿದ್ಯಾನಿಲಯ ದೂರದ ವಿದ್ಯಾರ್ಥಿಗಳನ್ನು ಸೆಳೆದಿವೆ. 1951ರಲ್ಲಿ ಆರಂಭವಾದ ಬಜ್ಪೆ ವಿಮಾನ ನಿಲ್ದಾಣ ಗಲ್ಫ್‌ನಲ್ಲಿ ದುಡಿಯುವವರ ದಾರಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇಲ್ಲಿ ಅಪಘಾತಕ್ಕೀಡಾಗಿ 158 ಜನ ಮಡಿದರು. 2014ರ ನವೆಂಬರ್ 1ರಿಂದ ನಗರದ ಹೆಸರು ಇಂಗ್ಲಿಷಿನಲ್ಲೂ ಮಂಗಳೂರು ಎಂದಾಯಿತು.

ಉಳ್ಳಾಲದ ಕಡಲ್ಕೊರೆತ, ಅಳಿವೆಯ ಹೂಳು, ಶಿರಾಡಿ ಘಾಟಿಯ ಭೂಕುಸಿತ ನಗರವನ್ನು ಈಗಲೂ ಕಾಡುತ್ತಿವೆ. ಕೋಮು ಘರ್ಷಣೆಗಳು ಇನ್ನೂ ಆಳವಾದ ಗಾಯ ಮಾಡಿವೆ. ಒಂದೂವರೆ ಸಾವಿರ ವರ್ಷಗಳ ದಾಖಲೆ ಹೇಳುವಂತೆ ಈ ಊರಿನ ಸಂಪತ್ತು ಬಂದವರನ್ನು ಇಳಿಸಿಕೊಂಡು ಬಾಳಿದ್ದರಿಂದ ಬೆಳೆಯಿತು. ಇಬ್ನ್ ಬತೂತ ಹೇಳಿದ, ಜಗಳಗಳ ನಡುವೆ ರಾಜಿ ಮಾಡಿಸಿದ ಆ ಅರಸನಿಗೆ ಅದು ತಿಳಿದಿತ್ತು. ಬಂದರು ಎಷ್ಟೇ ಆಳವಾದರೂ ನಗರದ ನಾಳೆ ನಿಂತಿರುವುದು ಈ ತಿಳಿವಳಿಕೆಯ ಮೇಲೆ.